ಹೊಗೆ ಆರುವ ಮೊದಲು ಬಂದವರು

ಗಣೇಶಗುಡಿಗೆ ತಲುಪಿದ್ದು ಬೆಳಿಗ್ಗೆಯೋ ಸಂಜೆಯೋ, ಈಗ ಖಚಿತವಾಗಿ ಹೇಳಲಾರೆ. ಚೀಲದಲ್ಲಿ ಉಳಿದ ಬಸ್ ಟಿಕೆಟ್ ಬೆಳಿಗ್ಗೆ ಎನ್ನುತ್ತದೆ. ಕಣ್ಣು ಮುಚ್ಚಿದರೆ ಮಾತ್ರ ಕಾಳಿ ನದಿಯ ಮೇಲೆ ಮಾವಿನ ಹಣ್ಣಿನ ಬಣ್ಣದ ಬೆಳಕು ಕಾಣುತ್ತದೆ. ಎರಡನ್ನೂ ಇಟ್ಟುಕೊಂಡಿದ್ದೇನೆ. ಬೇಸಿಗೆಯಂತೂ ನಿಜ. ಸೂಪಾ ಹಿನ್ನೀರು ಇಳಿದು ದಂಡೆಯ ಕೆಂಪು ಮಣ್ಣು ಬಿರುಕು ಬಿಟ್ಟಿತ್ತು.

ನಾನು ಉಳಿದದ್ದು ವಿಠೋಬಾ ಎಂಬುವವನ ಹೋಮ್‌ಸ್ಟೇಯಲ್ಲಿ. ಮನೆಯವರೊಡನೆ ಕೊಂಕಣಿ, ನನ್ನೊಡನೆ ಧಾರವಾಡದ ಕನ್ನಡ ಮಾತಾಡುವವನು. ಅನ್ನ, ಮುರುಗಲ ಸಾರು, ಹುರಿದ ಮೀನು ಬಡಿಸಿ, ಉಂಡಾದ ಮೇಲೆ ನೀರು ತೋರಿಸಲು ಕರೆದೊಯ್ದ. ಆ ನೀರಿನಡಿ ಹಳೆಯ ಊರಿದೆ ಎಂದ. ಮುಳುಗಿದ ಓಣಿಗಳಲ್ಲಿ ಮೀನುಗಳು ಓಡಾಡುವುದನ್ನು ಕಲ್ಪಿಸಿಕೊಂಡು, ‘ಈಗ ಅಲ್ಲಿ ಮೇಲು ಕೀಳು ಇಲ್ಲ ನೋಡು, ಎಲ್ಲರ ಮನೆಯೂ ಒಂದೇ ನೀರಿನಲ್ಲಿ’ ಎಂದೆ. ನನ್ನ ಮಾತು ನನಗೇ ಹಿಡಿಸಿತ್ತು.

ವಿಠೋಬಾ ತಲೆ ಕೆರೆದುಕೊಂಡ. ‘ಹಂಗೇನಿಲ್ರಿ ಸರ. ನೀರು ಪೂರಾ ಇಳದಾಗ ದೊಡ್ಡವರ ಮನಿ ಪಾಯ ಕಾಣತಾವು ಅಂತ ನಮ್ಮಜ್ಜಿ ಹೇಳತಿದ್ಲು. ಗುಡಿಸಲಕ್ಕ ಪಾಯ ಎಲ್ಲಿತ್ರಿ? ಅದು ಆವಾಗೂ ಕಾಣೂದಿಲ್ಲ.’

ಆ ರಾತ್ರಿ ಕನಸಿನಲ್ಲಿ ಪಾಯವಿಲ್ಲದ ಮನೆಯೊಂದು ನೀರಿನ ಮೇಲೆ ತೇಲಿ ಬಂತು ಎಂದು ಬರೆಯುವ ಆಸೆಯಾಗುತ್ತಿದೆ. ಬರಲಿಲ್ಲ. ಸೊಳ್ಳೆ ಕಚ್ಚಿತು.

ಮರುದಿನ ಮುಂಡಗೋಡಕ್ಕೆ ಹೊರಟೆ. ದಾಂಡೇಲಿಯಲ್ಲಿ ಕಾಗದ ಕಾರ್ಖಾನೆಯ ವಾಸನೆ ಬಸ್ಸಿಗಿಂತ ಮೊದಲೇ ನಿಲ್ದಾಣದಲ್ಲಿ ಕಾಯುತ್ತಿತ್ತು. ಒಂದು ಚಹಾ, ಒಂದು ಪ್ಲೇಟು ಚುರುಮುರಿ ಸೂಸಲ. ಹಳಿಯಾಳದಲ್ಲಿ ಬಸ್ಸು ಬದಲಿಸಿದೆ. ಮುಂಡಗೋಡಕ್ಕೆ ಹೋಗಿ ಸಂಜೆ ಅದೇ ದಾರಿಯಲ್ಲಿ ಮರಳುವ ಆ ಬಸ್ಸು ಹೆಂಗಸರಿಂದ ತುಂಬಿತ್ತು. ಕಿಟಕಿ ಪಕ್ಕದ ತುಂಬು ಗರ್ಭಿಣಿ ತನ್ನ ಬಟ್ಟೆಯ ಗಂಟನ್ನು ಕಾಲಡಿಗೆ ಎಳೆದುಕೊಂಡು, ‘ಕುಂದರ್ರಿ ಅಣ್ಣಾರ’ ಎಂದಳು. ಅವಳ ಹೆಸರು ಮಾದೇವಿ.

ಕಂಡಕ್ಟರ್ ಅವಳಿಗೆ ಸೊನ್ನೆಯ ಟಿಕೆಟ್ ಹರಿದುಕೊಟ್ಟ. ನಾನು ದುಡ್ಡು ಕೊಟ್ಟೆ. ಹಿಂದೆ ನಿಂತಿದ್ದ ಟೋಪಿಯ ಮುದುಕ ಗೊಣಗಿದ: ‘ಬಸ್ಸು ಹೆಣ್ಮಕ್ಕಳದಾತು ಬಿಡ್ರಿ. ನಾವು ರೊಕ್ಕಾ ಕೊಟ್ಟು ನಿಂದ್ರಬೇಕು.’

‘ಇಷ್ಟು ವರ್ಷ ನಾವು ನಿಂತಿಲ್ಲೇನೋ ಕಾಕಾ? ನಿಂದ್ರು, ಕಾಲು ಗಟ್ಟಿ ಆಗ್ತಾವು’ ಎಂದಳು ಮುಂದಿನ ಸೀಟಿನ ಹೆಂಗಸು. ಬಸ್ಸು ನಕ್ಕಿತು. ಮುದುಕನೂ ನಕ್ಕ.

ಮಾದೇವಿ ಟಿಕೆಟನ್ನು ಮಡಚಿ ಪರ್ಸಿನಲ್ಲಿಟ್ಟಳು. ‘ಸೊನ್ನಿ ಐತಿ ಅಂತ ಒಗ್ಯಾಂಗಿಲ್ರಿ. ಚೆಕಿಂಗನವರು ಬಂದ್ರ ನಂದೂ ಟಿಕೆಟ್ ಐತಿ ಅಂತ ತೋರಸಬೇಕಲ್ಲ’ ಎಂದಳು. ಆಮೇಲೆ ಕಂಡಕ್ಟರನಿಗೆ, ‘ಸಂಜಿಗೆ ಇದ ಬಸ್ಸಿಗೆ ಹೊಳ್ಳಿ ಬಂದ್ರೂ ಬರಬಹುದ್ರಿ. ನಿಂದ್ರಸ್ರಿ’ ಎಂದಳು.

‘ಆತು ತಗೋ ಅಕ್ಕಾ. ನಿನ್ನ ಕರಕೊಂಡ ಹೋಗತೇನಿ.’

ಎಲೆ ಉದುರಿದ ಸಾಗುವಾನಿ ಮರಗಳು ಕಿಟಕಿಯಾಚೆ ನಿದ್ದೆಯಲ್ಲಿ ನಡೆಯುವವರಂತೆ ಸಾಗುತ್ತಿದ್ದವು. ಮಾದೇವಿ ನನ್ನತ್ತ ನೋಡದೆ, ಅವುಗಳಿಗೇ ಹೇಳುವಂತೆ ಹೇಳಿದಳು. ಅವಳು ಸಿದ್ದಿ ಕೇರಿಯ ಹುಡುಗಿ. ದಾಂಡೇಲಿಯಲ್ಲಿ ಗಾರೆ ಕೆಲಸಕ್ಕೆ ಹೋದಾಗ ಬೇರೆ ಜಾತಿಯವನನ್ನು ಮೆಚ್ಚಿ ಮದುವೆಯಾದಳು. ‘ಗಂಡ ಕೆಟ್ಟಾವಲ್ರಿ. ಆದ್ರ ಅತ್ತಿ ನನಗ ಬ್ಯಾರೆ ತಾಟು, ಬ್ಯಾರೆ ಲೋಟ ಇಟ್ಟಾಳ. ಹಿತ್ತಲದಾಗ ತೊಳದು ಅಲ್ಲೇ ಡಬ್ಬ ಹಾಕಬೇಕು. ಆ ಮಾತು ತಗದ್ರ ಇಂವ ಮಾರಿ ಹೊಳ್ಳಸ್ತಾನ. ನಾಳೆ ಇದಕ್ಕೂ ಅದ ತಾಟೇನು?’ ಎಂದು ಹೊಟ್ಟೆಯ ಮೇಲೆ ಕೈಯಿಟ್ಟಳು.

ಅವಳ ತವರಿನಲ್ಲಿ ಆ ದಿನ ಜೇನು ಕೀಳುತ್ತಿದ್ದರು. ಕೇರಿಯವರು ಒಟ್ಟಿಗೆ ಪೊಟರೆಗಳಿಂದ ತುಡುವೆ ಜೇನು ತೆಗೆದು ಹಂಚಿಕೊಳ್ಳುವ ದಿನ. ಮರ ಹತ್ತಿದವನಿಗೂ, ಬೇಲಿಗೆ ಒರಗಿ ನಿದ್ದೆ ಮಾಡಿದವನಿಗೂ ಒಂದೇ ಪಾಲು. ಕಡೆಯ ಪೊಟರೆಗೆ ಹಾಕಿದ ಹೊಗೆ ಆರುವ ಮೊದಲು ಬಂದವರೆಲ್ಲರಿಗೂ ಸಾಲಿನಲ್ಲಿ ಒಂದು ದೊನ್ನೆ. ಸಾಲಿನಲ್ಲಿ ದೊನ್ನೆ ಇದ್ದವರು ಆ ಕೇರಿಯಲ್ಲಿ ಗುಡಿಸಲು ಹಾಕಿಕೊಳ್ಳಬಹುದು, ಯಾರೂ ಬೇಡವೆನ್ನುವುದಿಲ್ಲ. ‘ಅವ್ವ ಇದ್ದಾಗ ಆಕಿ ದೊನ್ನ್ಯಾಗ ತಿಂತಿದ್ದೆ. ಈಗ ಆಕಿ ಇಲ್ಲ. ನನ್ನದು ಇಡ್ತಾರೇನು ನೋಡೂಣು. ಇಟ್ರ ಅಲ್ಲೇ ಇರತೇನಿ. ಇಡಲಿಲ್ಲಂದ್ರ ಸಂಜಿ ಬಸ್ಸು ಐತೆಲ್ಲ.’

ಇಂದೂರು ಎಂಬ ಹಳ್ಳಿಗಿಂತ ಮೊದಲು, ಹೆಸರಿನ ಫಲಕವೂ ಇಲ್ಲದ ಕಡೆ ಅವಳು ಇಳಿದಳು. ಗಂಟು ಹೊರಲಾರದೆ ನಿಂತಳು. ನಾನೂ ಇಳಿದು ಅದನ್ನು ಎತ್ತಿಕೊಂಡೆ. ಮುಂಡಗೋಡ ಎಲ್ಲಿಗೂ ಓಡಿಹೋಗುವುದಿಲ್ಲ. ಕಾಲುದಾರಿ ಕಾಡಂಚಿನ ಹೊಲಗಳ ನಡುವೆ ಹೋಗುತ್ತಿತ್ತು. ಬಿಸಿಲಿನಲ್ಲಿ ದೂರದ ಹೆಂಚುಗಳು ನೀರಿನ ಮೇಲಿದ್ದಂತೆ ಅಲುಗುತ್ತಿದ್ದವು. ಅವುಗಳ ಮೇಲೆ ತೆಳ್ಳಗೆ ಒಂದು ಹೊಗೆ. ಅದನ್ನು ಕಂಡದ್ದೇ ಮಾದೇವಿ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಬಿರುಸಾಗಿ ನಡೆದಳು. ನಾನು ಹಿಂದೆ ಬಿದ್ದೆ.

‘ಇನ್ನೂ ಆರಿಲ್ಲ, ಬರ್ರಿ ಬರ್ರಿ!’ ಎಂದು ಮರದಡಿಯಿಂದ ಮುದುಕಿಯೊಬ್ಬಳು ಕೂಗಿದಳು. ಅವಳು ಗಂಗಜ್ಜಿ, ಕೇರಿಗೆಲ್ಲ ಹಿರಿಯಳು. ಪಾತೇಲಿಯ ತುಂಬ ಜೇನಿತ್ತು. ಮಾದೇವಿ ಯಾರನ್ನೂ ಕೇಳದೆ ಕೈ ತೊಳೆದು ಕುಳಿತು ಜೇನುಹುಟ್ಟು ಹಿಂಡತೊಡಗಿದಳು. ಅವಳ ಅಣ್ಣ ಸೋಮ ಮಾತಾಡಿಸಿದ. ಅಣ್ಣನ ಹೆಂಡತಿ ಕಮಲಾ ನೀರು ಕೊಟ್ಟಳು, ಮಾತು ಕೊಡಲಿಲ್ಲ.

ಹೊಗೆ ಆರಿತು. ಗಂಗಜ್ಜಿ ಮುತ್ತುಗದ ದೊನ್ನೆಗಳನ್ನು ನೆಲದ ಮೇಲೆ ಸಾಲಾಗಿಟ್ಟು ತೆಂಗಿನ ಚಿಪ್ಪಿನ ಸೌಟಿನಿಂದ ಸುರಿಯುತ್ತ ಬಂದಳು. ನನಗೂ ಒಂದಿತ್ತು. ಮಾದೇವಿಗೆ ಇರಲಿಲ್ಲ.

‘ನಂದೆಲ್ಲಿ ಅಜ್ಜಿ?’

ಗಂಗಜ್ಜಿಯ ಸೌಟು ನಿಂತಿತು. ಮದುವೆಯಾಗಿ ಹೋದ ಹೆಣ್ಣುಮಗಳು ಹಾಗೆ ಕೇಳಿದ್ದನ್ನು ಅವಳು ಎಂದೂ ಕಂಡಿರಲಿಲ್ಲವಂತೆ. ‘ನನ್ನ ದೊನ್ನ್ಯಾಗ ತಿನ್ನ ಬಾ ಯವ್ವಾ’ ಎಂದಳು.

ಕಮಲಾ ಸೆರಗು ಬಿಗಿದುಕೊಂಡಳು. ‘ತಿನ್ನಾಕ ಯಾರು ಬ್ಯಾಡಂತಾರ? ಹೊಟ್ಟಿ ತುಂಬ ತಿಂದು ಹೋಗ್ಲಿ. ಸಾಲಿನ್ಯಾಗ ಇಡೂದು ಬ್ಯಾರೆ. ಹೊಗಿ ಲೆಕ್ಕ ಬಂದವರಿಗೆ, ಹ್ವಾದವರಿಗಲ್ಲ.’

ಸೋಮ ನೆಲ ನೋಡಿದ. ಆಗ ನಾನು ನನ್ನ ದೊನ್ನೆಯನ್ನು ಎತ್ತಿ ಮಾದೇವಿಯ ಮುಂದಿಟ್ಟೆ. ‘ನನ್ನದನ್ನು ಇವರಿಗೆ ಕೊಡಿ. ನಾನು ಹೇಗೂ ಹೊರಗಿನವನು’ ಎಂದೆ. ಇಷ್ಟರಲ್ಲಿ ಎಲ್ಲವೂ ಮುಗಿಯುತ್ತದೆಂದೇ ನಂಬಿದ್ದೆ.

ಮಾದೇವಿ ಅದನ್ನು ನನ್ನ ಕಡೆಗೇ ಸರಿಸಿದಳು. ‘ನೀವು ಕೊಟ್ರ ಅದು ನೀವು ಕೊಟ್ಟಿದ್ದಾತ್ರಿ. ಅತ್ತಿನೂ ಅನ್ನ ಕೊಡತಾಳ. ನನ್ನ ಪಾಲು ಎಲ್ಲೈತಿ ಅಂತ ಕೇಳಾಕತ್ತೇನಿ ನಾ.’

ಗಂಗಜ್ಜಿ ಸೌಟಿನಿಂದ ನನ್ನ ಮೊಣಕಾಲಿಗೆ ಮೆಲ್ಲನೆ ಬಡಿದಳು. ‘ಸಾಹೇಬ್ರ, ನಿಮ್ಮದು ನೀವು ಹಿಡ್ಕೋರಿ. ಇಲ್ಲಿ ಬಿಟ್ಟುಕೊಡೂ ಪದ್ಧತಿ ಇಲ್ಲ. ಒಬ್ಬಾವ ಬಿಟ್ಟುಕೊಟ್ನಂದ್ರ ನಾಳೆ ಅಂವಗ ಎಲ್ಲಾರೂ ಎದ್ದು ನಿಂದ್ರಬೇಕು.’ ಜನ ನಕ್ಕರು. ಕೈಗೆ ಅಂಟಿದ ಜೇನನ್ನು ಎಲ್ಲಿ ಒರೆಸಬೇಕೆಂದು ತಿಳಿಯದೆ ನಾನೂ ನಕ್ಕೆ.

ನಂತರ ಅವಳು ಕಮಲಾಳತ್ತ ತಿರುಗಿದಳು. ‘ನೀನೂ ಹೊರಗಿಂದ ಬಂದಾಕಿ. ಮೊದಲನೇ ವರ್ಷನ ನಿನಗ ಇಟ್ಟಿಲ್ಲೇನು?’

‘ಇಲ್ಲಿ ಇಟ್ರಿ’ ಎಂದಳು ಕಮಲಾ. ‘ನಮ್ಮೂರಾಗ ತಗದ್ರು. ಹ್ವಾದ ವರ್ಷ ಹೋಗಿದ್ದೆ. ನಮ್ಮಪ್ಪ ಹಂಚಾಕತ್ತಿದ್ದ. ಸಾಲಿನ ತುಂಬ ಹುಡುಕಿದೆ, ನಂದಿರಲಿಲ್ಲ. ನನಗ ಇಲ್ಲದ್ದು ಈಕಿಗೆ ಯಾಕ?’

ನೆನಪು ಎಲ್ಲಕ್ಕೂ ಒಂದೇ ಪಾಲು ಹಾಕುವುದಿಲ್ಲ. ಆ ಗಳಿಗೆಗೆ ಇಡೀ ಮಧ್ಯಾಹ್ನವನ್ನೇ ಸುರಿದುಬಿಟ್ಟಿದೆ. ದೊನ್ನೆಯ ಅಂಚಿನಲ್ಲಿ ನಡೆಯುತ್ತಿದ್ದ ಒಂದು ಜೇನುಹುಳ, ಮರದ ನೆರಳು ಮಾದೇವಿಯ ಪಾದ ದಾಟಿ ಕಮಲಾಳ ಪಾದ ಮುಟ್ಟಿದ್ದು, ಇವು ಮಾತ್ರ ಇವೆ. ಸೋಮನ ಮುಖ ಹೇಗಿತ್ತೆಂದು ಕೇಳಿದರೆ ಗೊತ್ತಿಲ್ಲ.

‘ಅಲ್ಲಿ ತಪ್ಪಿಸಿದ್ರು ಅಂತ ಇಲ್ಲೂ ತಪ್ಪಿಸಿದ್ರ, ವೈನಿ, ಇಬ್ಬರಿಗೂ ಇಲ್ಲದಂಗಾತು’ ಎಂದಳು ಮಾದೇವಿ. ‘ಅದೂ ಸಮ ಆತು ಅಂತೀರೇನು?’

ಕಮಲಾ ಎದ್ದು ಹೋದಳು. ಮನೆಗೆ ಹೋದಳೆಂದುಕೊಂಡೆ. ಗಂಟು ಮತ್ತೆ ರಸ್ತೆಯವರೆಗೆ ಹೊರಬೇಕೆಂದೂ ಎಣಿಸಿದೆ. ಆದರೆ ಕಮಲಾ ಬೇಲಿಯಾಚೆಯ ಮುತ್ತುಗದ ಗಿಡದಿಂದ ಎಲೆ ಕಿತ್ತು ತಂದು, ಕಡ್ಡಿ ಚುಚ್ಚಿ, ದೊನ್ನೆ ಮಾಡಿ ಸಾಲಿನ ತುದಿಗಲ್ಲ, ತನ್ನ ದೊನ್ನೆಯ ಪಕ್ಕದಲ್ಲಿಟ್ಟಳು. ಮತ್ತೊಂದು ಎಲೆ ಮಡಚತೊಡಗಿದಳು.

‘ಅದು ಯಾರದು?’ ಎಂದಳು ಗಂಗಜ್ಜಿ.

‘ಹೊಟ್ಟ್ಯಾಗಿಂದೂ ಹೊಗಿ ಆರೂದ್ರಾಗ ಬಂದೈತೆಲ್ಲ’ ಎಂದಳು ಕಮಲಾ, ಸಿಡುಕುತ್ತಲೇ.

ಗಂಗಜ್ಜಿ ಎಲ್ಲ ದೊನ್ನೆಗಳ ಜೇನನ್ನೂ ಪಾತೇಲಿಗೆ ವಾಪಸು ಸುರಿದಳು. ಮೊದಲಿನಿಂದ ಹಂಚಿದಳು. ಎಲ್ಲರ ಪಾಲೂ ತುಸು ತಗ್ಗಿತು, ನನ್ನದೂ. ಕೊನೆಗೆ ತನ್ನದನ್ನು ತೆಗೆದುಕೊಂಡಳು. ಜೇನಿಗೆ ಹೊಗೆಯ ರುಚಿಯಿತ್ತು. ಕೆಳಗಿಡುವ ಧೈರ್ಯವಾಗದೆ ಎಲೆಯನ್ನು ನೆಕ್ಕಿ ಮುಗಿಸಿದೆ.

ಸಂಜೆ ಮುಂಡಗೋಡದ ಬಸ್ಸಿಗೆಂದು ರಸ್ತೆಗೆ ಬಂದಾಗ ಹಳಿಯಾಳದತ್ತ ಮರಳುವ ಬಸ್ಸು ಮೊದಲು ಬಂತು. ಬೆಳಗಿನ ಕಂಡಕ್ಟರ್ ಬಾಗಿಲಲ್ಲಿ ಬಾಗಿ ಕಾಲುದಾರಿಯತ್ತ ನೋಡಿದ. ‘ಅಕ್ಕಾ ಎಲ್ಲಿ ಸರ? ನಿಂದ್ರಸ್ರಿ ಅಂದಿದ್ಲು.’

‘ಬರೋದಿಲ್ಲವಂತೆ’ ಎಂದೆ.

ಅವನು ಇನ್ನೂ ಸ್ವಲ್ಪ ಹೊತ್ತು ನೋಡಿ, ಸೀಟಿ ಊದಿದ. ಬಸ್ಸಿನ ಧೂಳು ಇಳಿದ ಮೇಲೆ ಹೊಲದಾಚೆ ಇಬ್ಬರು ಹೆಂಗಸರು ಕಂಡರು. ಒಬ್ಬಳು ಗುಡಿಸಲಿಗೆ ಬಿದಿರಿನ ಗಳ ಎತ್ತಿ ಹಿಡಿದಿದ್ದಳು, ಇನ್ನೊಬ್ಬಳು ಕೂತು ನೆಲ ಅಗೆಯುತ್ತಿದ್ದಳು. ಯಾರು ಮಾದೇವಿ, ಯಾರು ಕಮಲಾ ಎಂದು ಆ ದೂರದಿಂದ ತಿಳಿಯಲಿಲ್ಲ.