ಏನಾರ ಕೆಲಸ ಇದ್ರ ಹೇಳ್ರಿ

ಕನ್ನಡದ ಒಂದು ವಾಕ್ಯ ನನಗೆ ಯುಗಾದಿಯಿಂದ ದಸರಾತನಕ ಮೋಸ ಮಾಡಿತು. ಗಹನವಾದ ವಾಕ್ಯವೇನಲ್ಲ. 'ಏನಾರ ಕೆಲಸ ಇದ್ರ ಹೇಳ್ರಿ', ಅಷ್ಟೇ. ನೀವೂ ಎಲ್ಲೋ ಹೇಳಿರುತ್ತೀರಿ, ನಿಮಗೂ ಯಾರೋ ಹೇಳಿರುತ್ತಾರೆ. ಹೇಳಿದವರು ಕೊಡಲು ಬಂದರೋ ಕೇಳಲು ಬಂದರೋ ಎಂದು ಇಬ್ಬರೂ ಯೋಚಿಸಿರುವುದಿಲ್ಲ.

ನಾನು ಮನೆಗಳ ನಕ್ಷೆ ಬರೆಯುವವಳು. ಕಲಬುರಗಿಯ ಒಬ್ಬ ಇಂಜಿನಿಯರ ಕಚೇರಿಯಲ್ಲಿ ಬಹಳ ಕಾಲ ಅವರ ಹೆಸರಿನಲ್ಲಿ ಗೆರೆ ಎಳೆದೆ. ಆ ವರ್ಷದ ಯುಗಾದಿಗೆ ಬೇವು ಹೆಚ್ಚು ತಿಂದೆನೋ ಬೆಲ್ಲ ಹೆಚ್ಚು ತಿಂದೆನೋ, ಕೆಲಸ ಬಿಟ್ಟು ಸೇಡಂನಲ್ಲಿ ಸ್ವಂತ ಕಚೇರಿ ತೆರೆದುಬಿಟ್ಟೆ. ಸಾಹೇಬರು ಒಳ್ಳೆಯವರು. 'ದಸರಾತನಕ ನಿಮ್ಮ ಕುರ್ಚಿ ಖಾಲಿ ಇಡ್ತೀನ್ರಿ. ಆಮ್ಯಾಲ ಬ್ಯಾರೇದವರನ್ನ ತಗೋತೀನಿ' ಎಂದರು. ಧೈರ್ಯ ಹೇಳುವುದಕ್ಕೆಂದೇ ಹೇಳಿದ ಮಾತು. ಆದರೆ ಗಿರಾಕಿಯೇ ಬಾರದ ಕಚೇರಿಯಲ್ಲಿ ಒಬ್ಬಳೇ ಕೂತಾಗ ಅದು ಬೇರೆ ಥರ ಕೇಳಿಸುತ್ತಿತ್ತು. ದಸರಾ ಹೊತ್ತಿಗೆ ಒಂದು ಮನೆಯ ನಕ್ಷೆಯಾದರೂ ಸಿಗದಿದ್ದರೆ, ಬೀಗ ಹಾಕಿ, ಮುಖ ಸಣ್ಣದು ಮಾಡಿಕೊಂಡು ಮತ್ತೆ ಅದೇ ಕುರ್ಚಿಗೆ ಹೋಗಬೇಕಿತ್ತು.

ಪರಿಚಯ ಬೆಳೆಸಬೇಕು ಎಂದು ಎಲ್ಲರೂ ಬುದ್ಧಿ ಹೇಳಿದರು. ವಿಸಿಟಿಂಗ್ ಕಾರ್ಡು ಮಾಡಿಸಿದೆ. ಊರಲ್ಲಿ ಯಾರು ಮನೆ ಕಟ್ಟಿಸುತ್ತಾರೆ ಎಂಬುದು ಮೊದಲು ಗೊತ್ತಾಗುವುದು ಕಲ್ಲಿನ ವ್ಯಾಪಾರಿಗಳಿಗೆ. ಹಾಗಾಗಿ ಶಹಾಬಾದಿಗೆ ಹೋಗಿ ನೆಲಕ್ಕೆ ಹಾಸುವ ಪರಸಿ ಕಲ್ಲು ಮಾರುವ ರೇವಣಸಿದ್ಧಪ್ಪನವರ ಕೈಗೆ ಒಂದು ಕಾರ್ಡು ಕೊಟ್ಟೆ. ಅವರು ಅದರ ಮೂಲೆಯಿಂದ ಹಲ್ಲಿನ ಸಂದಿಯಲ್ಲಿದ್ದ ಅಡಿಕೆಚೂರು ತೆಗೆದು, 'ಭಾಳ ಗಟ್ಟಿ ಅದ ನೋಡ್ರಿ' ಎಂದು ಮನಸಾರೆ ಮೆಚ್ಚಿದರು. ನಕ್ಷೆ ಬರೆಯುತ್ತೇನೆ, ಸೇಡಂನಲ್ಲಿ ಕಚೇರಿ ಇದೆ ಎಂದು ಬಾಯಿಂದಲೂ ಹೇಳಿದೆ. ಏಳುವಾಗ ಸಂಕೋಚದಿಂದ 'ಏನಾರ ಕೆಲಸ ಇದ್ರ ಹೇಳ್ರಿ ಅಣ್ಣಾರ' ಎಂದೆ.

ಅವರ ಮುಖ ಅರಳಿತು. 'ಛಲೋ ಆಯ್ತು ನೋಡ್ರಿ! ನಮ್ಮ ಸ್ವಾದರತ್ತಿ ನಾಳಿಗಿ ರಾಯಚೂರಿಂದ ವಾಡಿಗಿ ಬರ್ಲಿಕತ್ತಾಳ. ಅಲ್ಲಿ ಸೇಡಂ ಗಾಡಿ ಹಿಡೀಬೇಕು. ಮೊಣಕಾಲ ಬ್ಯಾನಿ, ಒಬ್ಬಾಕಿಗೇ ಪುಲ್ ಹತ್ತಲಿಕ್ಕ ಆಗಂಗಿಲ್ಲ. ನೀವು ಜರಾ ಕೈ ಹಿಡದು ದಾಟಿಸಿಬಿಡ್ರಿ.'

ನಾನು ಕೆಲಸ ಬೇಡಿದ್ದೆ. ಅವರ ಕಿವಿಗೆ ನಾನು ಕೈಗೊದಗುತ್ತೇನೆ ಎಂದು ಕೇಳಿಸಿತ್ತು. ತಪ್ಪು ಅವರದಲ್ಲ, ವ್ಯಾಕರಣದ್ದು. ಶಾಲೆಯಲ್ಲಿ ಚತುರ್ಥಿ ವಿಭಕ್ತಿಯ 'ಗೆ, ಕೆ, ಕ್ಕೆ' ಬಾಯಿಪಾಠ ಮಾಡಿ ಮೇಷ್ಟ್ರಿಂದ ಶಹಬ್ಬಾಸ್ ಅನ್ನಿಸಿಕೊಂಡವಳು ನಾನು. 'ನನಗೆ ಕೆಲಸ ಕೊಡಿ' ಅನ್ನಬೇಕಾದ ಕಡೆ ಆ 'ನನಗೆ' ಗಂಟಲಲ್ಲೇ ಉಳಿಯುತ್ತಿತ್ತು. ನಾಚುವವರ ವಾಕ್ಯದಿಂದ ಮೊದಲು ಉದುರುವುದು ಚತುರ್ಥಿಯೇ. ನಮ್ಮ ಸೀಮೆಯ ಶರಣರು ಜಾಣರು. ದುಡಿಯುವುದಕ್ಕೆ ಕಾಯಕ, ನೀಡುವುದಕ್ಕೆ ದಾಸೋಹ ಎಂದು ಎರಡು ಬೇರೆ ಬೇರೆ ಶಬ್ದ ಇಟ್ಟುಕೊಂಡಿದ್ದರು. ನಾನೋ ಎರಡನ್ನೂ ಒಂದೇ ವಾಕ್ಯದಲ್ಲಿ ತುರುಕಿ ಊರೂರು ಹಂಚಿ ಬಂದೆ.

ಫಲವನ್ನೂ ಉಂಡೆ. ಚಿತ್ತಾಪುರದ ಗುತ್ತಿಗೆದಾರರೊಬ್ಬರು, ತೆಲುಗು ಬಿಟ್ಟು ಬೇರೇನೂ ಮಾತಾಡದ ಪಂಪಿನ ವ್ಯಾಪಾರಿಯ ಜೊತೆ ಫೋನಿನಲ್ಲಿ ಜಗಳಾಡುವ ಕೆಲಸ ಕೊಟ್ಟರು. ನನ್ನ ತೆಲುಗು ಪ್ರೀತಿಗೆ ಸಾಲದು, ಜಗಳಕ್ಕೆ ಧಾರಾಳ ಸಾಕು. ಚಿಂಚೋಳಿಯ ಸಿಮೆಂಟು ಅಂಗಡಿಯವರು, 'ನಿಮ್ಮ ಅಳತಿ ಪಕ್ಕಾ ಇರ್ತಾವಲ್ಲ, ನಮ್ಮ ಹುಡುಗಿ ಮದುವ್ಯಾಗ ಊಟಕ್ಕ ಎಷ್ಟು ಪಂಕ್ತಿ ಕುಂದ್ರಸಬಹುದು ನೋಡಿ ಹೇಳ್ರಿ' ಎಂದರು. ಟೇಪು ಹಿಡಿದು ಇಡೀ ಛತ್ರ ಅಳೆದು, ಬಡಿಸುವವರು ಓಡಾಡಲು ಜಾಗ ಬಿಟ್ಟು ಬರೆದುಕೊಟ್ಟೆ. ಸ್ವಂತ ಕಚೇರಿಯಿಂದ ಹೊರಬಿದ್ದ ನನ್ನ ಮೊದಲ ನಕ್ಷೆ ಅದೇ. ಗೋಡೆ ಇಲ್ಲ, ಬಾಗಿಲಿಲ್ಲ, ಬರೀ ಎಲೆಗಳು.

ಇದನ್ನೆಲ್ಲ ನಾನು ಸಂತನಂತೆ ಮಾಡಿದೆ ಎಂದು ತಿಳಿಯಬೇಡಿ. ವಾಡಿ ಸ್ಟೇಷನ್ನಿನಲ್ಲಿ ಆ ಅತ್ತೆಯ ಕೈ ಹಿಡಿದು ಮೇಲ್ಸೇತುವೆಯ ಒಂದೊಂದೇ ಮೆಟ್ಟಿಲು ಹತ್ತಿಸುವಾಗ, ಈಕೆಗೆ ಎಷ್ಟು ಜನ ಗಂಡುಮಕ್ಕಳಿರಬಹುದು, ಅವರಲ್ಲಿ ಯಾರಾದರೂ ಮನೆ ಕಟ್ಟಿಸುತ್ತಿರಬಹುದೇ ಎಂದು ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಆಕೆಯೋ ಗಾಡಿ ಬರುವತನಕ ಶೇಂಗಾ ಹೋಳಿಗೆಗೆ ಬೆಲ್ಲದ ಪಾಕ ಹೇಗಿರಬೇಕು ಎಂಬುದನ್ನೇ ವಿವರಿಸಿದಳು. ಹೂಂ ಹೂಂ ಎನ್ನುತ್ತಲೇ ಇದ್ದೆ, ಒಂದು ಅಕ್ಷರವೂ ಕಿವಿಗೆ ಬೀಳಲಿಲ್ಲ. ಇವತ್ತಿಗೂ ನನ್ನ ಹೋಳಿಗೆ ಹರಿಯುತ್ತದೆ.

ಆಷಾಢ ಹೋಯಿತು, ಶ್ರಾವಣ ಹೋಯಿತು. ಮಹಾನವಮಿ ಎದುರಿಗೇ ಬಂತು. ನನಗೆ ಊಟ ರುಚಿಸದಾಯಿತು. 'ಕುರ್ಚಿ ಏನ್ ಮಾಡ್ಲಿರಿ?' ಎಂದು ಸಾಹೇಬರು ಫೋನು ಮಾಡಿದಾಗ, 'ನಾಳೆ ಹೇಳ್ತೀನಿ ಸರ್' ಅಂದವಳು ಫೋನಿಟ್ಟು ಸ್ವಲ್ಪ ಅತ್ತುಬಿಟ್ಟೆ. ಆ ಮರುದಿನ ಶಹಾಬಾದಿಗೆ ಹೋಗಬೇಕಿತ್ತು. ಯಾಕೆ ಗೊತ್ತೇ? ಸೇಡಂನ ತೊಗರಿಬೇಳೆ ತಂದುಕೊಡಿ ಎಂದು ರೇವಣಸಿದ್ಧಪ್ಪನವರು ಹೇಳಿದ್ದರು.

ಬೇಳೆಯ ಚೀಲ ಅವರ ಮೇಜಿನ ಮೇಲಿಟ್ಟೆ. 'ಕುಂದ್ರಿ, ಚಾ ಕುಡೀರಿ' ಎಂದರು. ಏನು ಮಾತಾಡಬೇಕೆಂದು ದಾರಿಯುದ್ದಕ್ಕೂ ನಾಜೂಕಾಗಿ ಜೋಡಿಸಿಕೊಂಡಿದ್ದೆಲ್ಲ ಮರೆತುಹೋಗಿ, 'ಅಣ್ಣಾರ, ನನಗ ಕೆಲಸ ಬೇಕು. ನನ್ನ ಹತ್ರ ಒಂದೂ ಕೆಲಸ ಇಲ್ಲ' ಎಂದುಬಿಟ್ಟೆ.

ಅವರು ಕಪ್ಪು ಕೆಳಗಿಟ್ಟರು. 'ಏನಂತ ಹೇಳ್ತೀರಿ! ನಿಮಗ ಫುರಸತ್ತೇ ಇಲ್ಲಂತ ತಿಳಕೊಂಡೀನಲ್ರಿ ನಾನು. ನಕ್ಷಾ ಕೇಳಿ ಬಂದೋರಿಗೆಲ್ಲಾ ಕಲಬುರಗಿಗಿ ಕಳಸ್ಲಿಕತ್ತೀನಿ!'

'ಅಲ್ರೀ, ಫುರಸತ್ತಿಲ್ಲದೋಳು ನಿಮ್ಮ ಬ್ಯಾಳಿ ತರ್ತಿದ್ದೆನಾ?'

'ಕೆಲಸ ಇಲ್ಲದೋರು ಮಂದಿ ಕೆಲಸಕ್ಕ ಎಲ್ಲಿ ಬರ್ತಾರ್ರೀ? ತಮ್ಮ ಫಿಕರ್ದಾಗ ತಾವು ಕುಂತಿರ್ತಾರ. ಕೈ ತುಂಬಾ ಕೆಲಸ ಇದ್ದೋರೇ ಇನ್ನೊಬ್ಬರದೂ ಮಾಡ್ತಾರ. ಮೊದ್ಲೇ ಬಾಯಿಬಿಟ್ಟು ಕೇಳಬಾರದಾ?'

ಕೇಳಿದ್ದೆನಲ್ಲ ಎಂದು ಹೇಳಬೇಕೆನಿಸಿತು. ಅಷ್ಟರಲ್ಲಿ ಅವರು ಫೋನು ಕಿವಿಗಿಟ್ಟಿದ್ದರು. ದಂಡೋತಿಯಲ್ಲಿ ಮನೆ ಕಟ್ಟಿಸಲು ಹೊರಟಿದ್ದ ಗಿರಾಕಿಗೆ ನನ್ನ ವಿಷಯ ಹೇಳುತ್ತಿದ್ದರು. ನನ್ನ ಡಿಪ್ಲೊಮಾ, ಅನುಭವ, ಯಾವುದೂ ಆ ಮಾತಿನಲ್ಲಿ ಬರಲಿಲ್ಲ. 'ಅದೇ ಹೆಣಮಗಳ್ರೀ, ನಮ್ಮ ಅತ್ತೀನ ವಾಡಿ ಸ್ಟೇಷನ್ದಾಗ ಕೈ ಹಿಡದು ಪುಲ್ ದಾಟಿಸಿದಾಕಿ. ಅಕಿ ನಕ್ಷಾ ತೆಗದ ಮನಿ ಬಿಲ್ಕುಲ್ ಬೀಳಂಗಿಲ್ಲ' ಎಂದರು. ಎರಡಕ್ಕೂ ಏನು ಸಂಬಂಧ ಎಂದು ತಾಂತ್ರಿಕವಾಗಿ ನಾನು ಹೇಳಲಾರೆ. ಆದರೆ ಆ ಕಡೆಯವರಿಗೆ ಅದು ಪೂರ್ತಿ ಒಪ್ಪಿಗೆಯಾಯಿತು. 'ನಾಳೆನೇ ಬರ್ಲಿ' ಎಂದರಂತೆ.

ಚಾ ಆರಿಹೋಗಿತ್ತು. ಅಷ್ಟು ರುಚಿಯಾದ ಆರಿದ ಚಾ ನಾನು ಮತ್ತೆ ಕುಡಿದಿಲ್ಲ. ಹೊರಗೆ ಬಂದು, ಪೇರಿಸಿಟ್ಟ ಕಲ್ಲುಗಳ ನೆರಳಲ್ಲಿ ನಿಂತು ಸಾಹೇಬರಿಗೆ ಫೋನು ಮಾಡಿ, ಕುರ್ಚಿ ಬೇರೆಯವರಿಗೆ ಕೊಡಿ ಎಂದೆ. ಅವರಿಗೂ ಸಂತೋಷವಾಯಿತು. ಪಾಪ, ಅಷ್ಟು ದಿನ ಅದರ ಮೇಲೆ ಫೈಲು ಇಡುವುದಕ್ಕೂ ಹಿಂದೆಮುಂದೆ ನೋಡಿದ್ದರಂತೆ.

ಸಂಜೆ ವಾಡಿಯಲ್ಲಿ ಸೇಡಂ ಗಾಡಿ ತಡವಾಗಿತ್ತು. ಬೇರೆ ದಿನವಾಗಿದ್ದರೆ ರೈಲ್ವೆಯ ಇಡೀ ವಂಶವನ್ನು ಬೈಯುತ್ತಿದ್ದೆ. ಅವತ್ತು ಬೆಂಚಿನ ಮೇಲೆ ಕಾಲು ಚಾಚಿ ಕೂತೆ, ಎದೆ ಹಗುರಾಗಿತ್ತು. ಕೂಸು ಎತ್ತಿಕೊಂಡ ಹೆಂಗಸೊಬ್ಬಳು ಬಂದು, 'ಅಕ್ಕಾ, ನೀರು ತುಂಬಕೊಂಡ ಬರ್ತೀನಿ, ಜರಾ ಹಿಡೀರಿ' ಎಂದು ಅದನ್ನು ನನ್ನ ತೊಡೆಯ ಮೇಲಿಟ್ಟು ಹೋದಳು. ದುಂಡಗಿನ ಕೂಸು. ನನ್ನ ಬಳೆ ಹಿಡಿದು ಎಳೆಯಿತು. ಇದರ ಅಪ್ಪ ಏನು ಮಾಡುತ್ತಾನೆ, ಇವರಿಗೆ ಸ್ವಂತ ಮನೆ ಇದೆಯೋ ಇಲ್ಲವೋ ಎಂಬ ಯಾವ ಯೋಚನೆಯೂ ನನಗೆ ಬರಲಿಲ್ಲ. ಯುಗಾದಿಯಾದ ಮೇಲೆ ಮೊದಲ ಸಲ, ನನ್ನ ಮೇಲೆ ಕೂಸಿನ ಭಾರವೊಂದೇ ಇತ್ತು.