ಗಾದಿ ಮಾಡೋರ ಗುದ್ದು

ಹೋದ ವರ್ಷ ರಂಜಾನ್ ಹಬ್ಬ ಮುಗಿದ ಮರುವಾರದ ಮಾತಿದು. ನಮ್ಮ ಮನಿಯವ್ರಿಗೆ ಪಾರ್ಕಿನ್ಸನ್ ಕಾಯಿಲೆ. ಕೈ ನಡುಗೋದಕ್ಕಿಂತ ನನಗ ಸಂಕಟ ಆಗಿದ್ದು ಅವರ ದನಿ ಇಳಿದದ್ದು. ಮುಂಡರಗಿ ಪ್ಯಾಟ್ಯಾಗ ಹತ್ತಿ ಗಾದಿ ಹೊಲಿಯೋ ಅಂಗಡಿ ಇಟ್ಟು, ಓಣಿ ತುಂಬ ಕೇಳೋಹಂಗ ಮಾತಾಡ್ತಿದ್ದ ಮನುಷ್ಯಾ, ಬಾಜೂಕ ಕುಂತು ನೀರು ಕೇಳಿದ್ರೂ ನನಗ ಕೇಳಸ್ತಿರಲಿಲ್ಲ. ಫೋನಿನ್ಯಾಗ ಮಗಳು "ಅಪ್ಪಾ, ಏನೂ ಕೇಳವಲ್ದು" ಅಂದಾಗಿಂದ ಅಕಿ ಕೂಡ ಮಾತಾಡೋದನ್ನ ಬಿಟ್ಟುಬಿಟ್ರು.

ಗದಗಿನ್ಯಾಗ ವ್ಯಾಯಾಮ ಹೇಳಿಕೊಡೋ ಡಾಕ್ಟರಮ್ಮ, "ಬಾಕ್ಸಿಂಗ್ ಮಾಡಸ್ರಿ. ಚೀಲ ತೂಗುಹಾಕಿ ಗುದ್ದೋದಷ್ಟ. ಗುದ್ದಿದಾಗೊಮ್ಮೆ ಜೋರಾಗಿ ಕೂಗಬೇಕು. ಬೀಳದಂಗ ನೀವು ಹಿಂದ ನಿಂದರ್ರಿ" ಅಂದ್ರು.

ಆತು, ಸುರುವಾತು ನನ್ನ ಗ್ರಹಚಾರ! ಹಳೇ ಬಟ್ಟಿ ತುಂಬೋಣಂದ್ರ, "ಚಿಂದಿ ಬ್ಯಾಡ, ಹತ್ತಿ ತುಂಬು" ಅಂತ ಪಿಸುಗುಟ್ಟಿದ್ರು. ತುಂಬಿ ಹೊಲಿದೆ. ಒಂದು ಗುದ್ದು ಹಾಕಿದ್ರು, ನಿಂತ್ರು, ಅಂಗೈಲೆ ಚೀಲ ಸವರಿದ್ರು. "ಗಂಟಾಗೈತಿ. ಬಿಚ್ಚು."

ಬಿಚ್ಚಿದೆ. ಹತ್ತಿ ಹಿಂಜಿದೆ. ಮತ್ತ ಹೊಲಿದೆ. ಮರುದಿನ, "ಮೂಲಿ ಸರಿ ಕುಂತಿಲ್ಲ, ಬಿಚ್ಚು."

"ಅಯ್ಯ ನನ್ನ ಕರ್ಮ! ಇದರ ಮ್ಯಾಲ ಯಾರು ಮಲಗವ್ರದಾರ? ಗುದ್ದೋ ಚೀಲ ಇದು, ಮದಿವಿ ಗಾದಿ ಅಲ್ಲ!" ಅಂತ ಒದರಿದೆ. ಅವರು ಮತ್ತ ಅದ ಮೂಲಿ ಒತ್ತಿ ತೋರಿಸಿದ್ರು. ವಾರ ಕಳೀತು, ಹೊಲಗಿ ಬಿಚ್ಚಿದ್ದಷ್ಟ ಬಂತು, ಅವರು ಒಮ್ಮೆನೂ ಕೂಗಲಿಲ್ಲ.

ಒಂದು ಮುಂಜಾನೆ ಮತ್ತ "ಬಿಚ್ಚು" ಅಂದ್ರು. ನನಗ ತಲಿ ಕೆಟ್ಟುಹೋತು. ಅವರ ಹಿಂದ ನಿಂತಕಿ, "ಸಾಕಾತು ನಿಮ್ಮ ಹತ್ತಿ! ಫೋಮ್ ಗಾದೀನ ಚೊಲೊ. ಮಂದಿ ಸುಮ್ಮನ ತರ್ತಾರೇನು? ನಾನೂ ನಾಳೆ ಒಂದು ತರ್ತೀನಿ" ಅಂದುಬಿಟ್ಟೆ.

ಧಡ್ ಅಂತ ಚೀಲಕ್ಕ ಗುದ್ದು ಬಿತ್ತು. "ಬಾಯಿ ಮುಚ್ಚು! ಫೋಮ್ ಅಂತ ಫೋಮ್! ನನ್ನ ಮನ್ಯಾಗ ಅದರ ಹೆಸರು ಎತ್ತಿದ್ರ ನೋಡು!" ಮತ್ತೊಂದು ಗುದ್ದು. ಬಾಜೂ ಮನಿ ಶಾಂತಕ್ಕ ರೊಟ್ಟಿ ಹಿಟ್ಟಿನ ಕೈಲೇ ಓಡಿ ಬಂದು, "ಏನ್ರೀ ಜಗಳಾ?" ಅಂದ್ಲು.

"ಬೈದ್ರು ಶಾಂತಕ್ಕ! ನಮ್ಮವ್ರು ನನ್ನ ಬೈದ್ರು!" ಅಂತ ಅಳಕೋತ ನಗಾಕ ಹತ್ತಿದೆ.

ಸಂಜಿಗೆ ಮಗಳ ಫೋನು ಬಂತು. ನಮ್ಮವ್ರು ತಾವ ಕಸಗೊಂಡು, "ನಿಮ್ಮವ್ವ ಫೋಮ್ ಗಾದಿ ತರ್ತಾಳಂತ, ಕೇಳಿಲ್ಲಿ!" ಅಂತ ಗದರಿಸಿದ್ರು. "ಅಪ್ಪಾ, ಮೆಲ್ಲಕ, ನನ್ನ ಕಿವಿ!" ಅಂದ್ಲು. ಆಮ್ಯಾಲ ಅಕಿ ಬಿಕ್ಕೋದು ನನಗೂ ಕೇಳಿಸ್ತು.

ಕಾಯಿಲೆ ಹೋಗಿಲ್ಲ. ಚೀಲ ಬಿಚ್ಚಿಸೋದೂ ಬಿಟ್ಟಿಲ್ಲ, ಸಾಕುಸಾಕಾಗೈತಿ. ಆದ್ರ ದನಿ ಇಳೀತು ಅನ್ನಿಸಿದ ದಿನ ನಾನು ಹಿಂದ ನಿಂತು, ಫೋಮ್ ಗಾದಿ ಹೊಗಳಾಕ ಸುರು ಮಾಡ್ತೀನಿ.