ಚೀಲದ ನಡುವಿನ ಪದರ

ಹಳೆಯ ಟೀ ಚೀಲವೊಂದನ್ನು ಮೊಣಕಾಲ ಮೇಲಿಟ್ಟುಕೊಂಡು ಬ್ಲೇಡಿನಿಂದ ಸೀಳಿದೆ. ಮೂರು ಪದರದ ಕಾಗದದ ಚೀಲ. ಮಡಿಕೆಯಲ್ಲಿ ಕೂತಿದ್ದ ಪುಡಿ ಎದ್ದು ಮೂಗಿಗೆ ಹತ್ತಿತು. ಫ್ಯಾಕ್ಟರಿಯ ಪ್ಯಾಕಿಂಗ್ ಕೊಠಡಿಯಲ್ಲಿ ಅರ್ಧ ಆಯುಷ್ಯ ಉಸಿರಾಡಿದ ವಾಸನೆ ಅದು. ಅದರ ಹಿಂದೆಯೇ ಪಕ್ಕದ ಮನೆಯ ವಾದ್ಯಾರು, ಆ ಶಾಲೆ ಮೇಷ್ಟ್ರು, ನೆನಪಾದರು.

ಮೊಮ್ಮಗಳಿಗೆ ಬರೆಯುವ ಹುಚ್ಚು. "ಅಪ್ಪ, ಎನಗ ಮಾಡಿಕೊಟ್ಟೆಯಲ್ಲ, ಅದೇ ಹಾಂಗೆ ಇವಳಿಗೂ ಒಂದು ಬರೆಯುವ ಪೆಟ್ಟಿಗೆ ಮಾಡು" ಎಂದು ಮಗಳು ಫೋನಿನಲ್ಲಿ ಹೇಳಿದಳು. ಪುಸ್ತಕ, ಪೆನ್ಸಿಲ್ ತುಂಬಿದ ಅಂಥ ಪೆಟ್ಟಿಗೆಗಳು ಊಟಿಯ ಅಂಗಡಿಗಳಲ್ಲಿ ಸಿಗುತ್ತವೆ. ಒಣಗಿದ ಹೂವೊಂದನ್ನು ಅಂಟಿಸಿ, ರಿಬ್ಬನ್ ಕಟ್ಟಿ, ಕೈಯಲ್ಲೇ ಮಾಡಿದ್ದು ಎಂದು ಪ್ರವಾಸಿಗರ ತಲೆಗೆ ಕಟ್ಟುತ್ತಾರೆ. ಅದರೊಳಗಿನ ಪುಸ್ತಕವೊಂದನ್ನು ಬಿಡಿಸಿ ನೋಡಿದ್ದೇನೆ. ಹೊಲಿಗೆಯೇ ಇಲ್ಲ, ಬರೀ ಗೋಂದು. ನಮ್ಮ ಕಡೆಯ ಒಂದು ಮಳೆಗಾಲ ಸಾಕು, ಹಾಳೆ ಒಂದು ದಿಕ್ಕಿಗೆ, ರಟ್ಟು ಒಂದು ದಿಕ್ಕಿಗೆ.

ವಾದ್ಯಾರು ಕೊಡುತ್ತಿದ್ದದ್ದು ಅದಕ್ಕಿಂತ ಕಡೆ. ಶಾಲೆಯಿಂದ ನಿವೃತ್ತರಾಗಿ ನಮ್ಮ ಹಟ್ಟಿಗೆ ಮರಳಿದ್ದರು. (ಅವರಿಗೆ ನಾನು ಬಹುವಚನ ಹಾಕುವುದು ವಯಸ್ಸಿಗಾಗಿ, ಬೇರೆ ಕಾರಣವಿಲ್ಲ.) ಕೊಂಬೆ ಸವರಿ ಕವಾತು ಮಾಡದ ಅವರ ಟೀ ಗಿಡಗಳು ಮರವಾಗಿ ನಿಂತಿದ್ದವು. ಪಕ್ಕದಲ್ಲೇ ನನ್ನ ತೋಟ, ಮೇಲೆ ಚಾಪೆ ಹಾಸಿ ಮಲಗಬಹುದು, ಅಷ್ಟು ಸಮ. ಅವರು ದಿನವಿಡೀ ಜಗುಲಿಯಲ್ಲಿ ಕೂತು ದಾರಿಯಲ್ಲಿ ಹೋಗುವವರ ತಪ್ಪು ಎಣಿಸುತ್ತಿದ್ದರು.

ಪ್ರತಿ ಜನವರಿಯಲ್ಲೂ ಹಟ್ಟಿಯ ಮಕ್ಕಳನ್ನು ಆ ಜಗುಲಿಯ ಮುಂದೆ ಸಾಲಾಗಿ ನಿಲ್ಲಿಸುತ್ತಿದ್ದರು. ಬರೆಯುವ ಆಸೆಯಿದ್ದವರಿಗೆ ಬಹುಮಾನವಂತೆ. ಏನು ಬಹುಮಾನ? ಹೋದ ವರ್ಷದ ಡೈರಿ, ಯಾರೋ ಬಳಸಿ ಬಿಟ್ಟದ್ದು. ಮೊದಲ ಪುಟಗಳನ್ನು ಹರಿದು ತೆಗೆದಿರುತ್ತಿದ್ದರು. ನಡುನಡುವೆ 'ಹಲ್ಲು ಡಾಕ್ಟರ್, ನಾಲ್ಕು ಗಂಟೆ' ಎಂಬಂಥ ಬರಹ ಹಾಗೇ ಉಳಿದಿರುತ್ತಿತ್ತು. ಜೊತೆಗೆ ಅಲುಗಾಡಿಸಿದರೂ ಬರೆಯದ ಒಂದು ಪೆನ್ನು. ಇದಕ್ಕೆ ಅರ್ಧ ಗಂಟೆ ಉಪದೇಶ ಕೇಳಿ, ಕಾಲಿಗೆ ಬಿದ್ದು ಬರಬೇಕು.

ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಕೈಗೆ ಡೈರಿ ಕೊಡುತ್ತಾ ಎಲ್ಲರೆದುರು ಹೇಳಿದರಂತೆ: "ನಿನ್ನ ಅಪ್ಪನಿಗೆ ಕವಾತು ಕತ್ತಿ ಗೊತ್ತು, ಪೆನ್ಸಿಲ್ ಗೊತ್ತಿಲ್ಲೆ. ನೀನಾದರೂ ಕಲಿ, ಕೂಸೆ."

ನಾನು ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು, ನಿಜ. ಆದರೆ ನನ್ನ ಮಗಳು ಇನ್ನೊಂದು ಸಲ ಆ ಜಗುಲಿಯ ಮುಂದೆ ಕೈ ಒಡ್ಡಬಾರದು ಎಂದು ಅವತ್ತೇ ತೀರ್ಮಾನ ಮಾಡಿದೆ.

ಲೋಡ್ ಮಾಡುವಾಗ ಹರಿದ ಚೀಲಗಳನ್ನು ಫ್ಯಾಕ್ಟರಿಯಲ್ಲಿ ಕೇಳಿ ತಂದೆ. ಚೀಲದ ಬಾಯಿ ಹೊಲಿದ ನೂಲು ಬಲು ಗಟ್ಟಿ. ಸರಿಯಾದ ತುದಿ ಹಿಡಿದು ಎಳೆದರೆ ಒಂದೇ ಉಸಿರಿಗೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಆ ನೂಲಿನಲ್ಲೇ ಮೂರು ಪುಸ್ತಕ ಹೊಲಿದೆ. ಹಳೆಯ ಕ್ಯಾಲೆಂಡರಿನ ಹಾಳೆ ಮಡಚಿ ಲಕೋಟೆ ಮಾಡಿದೆ. ಎಲೆ ಕೊಯ್ಯುವಾಗ ಹೆಂಗಸರು ಸೊಂಟಕ್ಕೆ ಸುತ್ತುವ ದಪ್ಪ ಪ್ಲಾಸ್ಟಿಕ್ ಇರುತ್ತದಲ್ಲ, ಹೆಂಡತಿಯ ಹಳೆಯದನ್ನು ಕತ್ತರಿಸಿ ಪೆನ್ಸಿಲ್ ಸುತ್ತಿಡುವ ಸುರುಳಿ ಮಾಡಿದೆ. ಎಲ್ಲವನ್ನೂ ಒಂದು ಹಲಗೆಯ ಪೆಟ್ಟಿಗೆಯಲ್ಲಿಟ್ಟೆ. ಪುಸ್ತಕಕ್ಕೆ ಮಾತ್ರ ಚೀಲದ ಅತಿ ಒಳಗಿನ ಪದರವನ್ನೇ ಆರಿಸಿದ್ದೆ. ಬಿಳಿ ಬಣ್ಣ, ಕೈ ಜಾರುವಷ್ಟು ನುಣುಪು. ಮಗಳಿಗೆ ಚಂದದ್ದೇ ಇರಲಿ ಎಂದು...

ಅವಳು ಅದನ್ನು ಎದೆಗೊತ್ತಿಕೊಂಡು ಓಡಿದ್ದು ನೇರ ಆ ಜಗುಲಿಗೇ. ನಾನೂ ಹಿಂದೆಯೇ ಹೋದೆ. ಆ ಮನುಷ್ಯನ ಮುಖ ನೋಡಬೇಕಿತ್ತು. ಮಕ್ಕಳೆಲ್ಲ ಸುತ್ತ ನೆರೆದರು. ಮಗಳು ಪೆನ್ನು ತೆಗೆದು ತನ್ನ ಹೆಸರು ಬರೆದಳು. ಇಂಕು ಕೆಸುವಿನ ಎಲೆಯ ಮೇಲಿನ ನೀರಿನ ಹಾಗೆ ಗುಂಡಗಾಗಿ ಉರುಳಿತು. ಪೆನ್ಸಿಲಿನಲ್ಲಿ ಬರೆದಳು. ಅದೂ ಜಾರಿತು.

ವಾದ್ಯಾರು ಹಾಳೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ ನಗತೊಡಗಿದರು. "ಟೀಗೆ ತೇವ ಹತ್ತದ ಹಾಗೆ ಇರುವ ಪದರ ಇದು. ಇದು ಇಂಕು ಕುಡಿಯುತ್ತದಾ? ನಡುವಿನದು ಕೀಳಬೇಕಿತ್ತು ತಮ್ಮಾ, ನಡುವಿನದು. ದಿನಾ ತಬ್ಬುವ ಚೀಲ ನಿನಗ ಗೊತ್ತಿಲ್ಲೆಯಾ?"

ಎಂಟು ವರ್ಷದ ಕೂಸು ಅಳುತ್ತಾ ನಿಂತಿದ್ದಾಗ ಆ ಮನುಷ್ಯ ನಗುತ್ತಿದ್ದರು. ಅದನ್ನು ನಾನು ಕ್ಷಮಿಸಿಲ್ಲ, ಇವತ್ತಿಗೂ.

ನಡುವಿನ ಪದರ ಕಂದು ಬಣ್ಣದ್ದು, ಒರಟು. ಅದರಲ್ಲೇ ಮತ್ತೆ ಮೂರು ಹೊಲಿದೆ. ಮಗಳು ಮಳೆಗಾಲದೊಳಗೆ ಮೂರನ್ನೂ ತುಂಬಿಸಿದಳು. ಮುಂದಿನ ಜನವರಿಯಲ್ಲಿ ಹಟ್ಟಿಯ ಮಕ್ಕಳೆಲ್ಲ ನನ್ನ ಮನೆ ಬಾಗಿಲಿಗೆ ಬಂದರು. ಯಾರಿಗೂ ಉಪದೇಶ ಹೇಳದೆ ಒಂದೊಂದು ಕೊಟ್ಟೆ. ಆಚೆ ಜಗುಲಿಯಲ್ಲಿ ಡೈರಿಗಳ ರಾಶಿಯ ಪಕ್ಕ ವಾದ್ಯಾರು ಒಬ್ಬರೇ ಕೂತಿದ್ದರು. ಬೇಕೆಂದೇ ಎರಡು ಸಲ ಆ ದಾರಿಯಲ್ಲಿ ಹೋಗಿ ಬಂದೆ.

ಕೆಲವು ದಿನ ಕಳೆದು ಅವರೇ ನಮ್ಮ ಅಂಗಳಕ್ಕೆ ಬಂದರು. "ಎನಗೂ ಒಂದು ಹೊಲಿದುಕೊಡು, ತಮ್ಮಾ."

ಹೊಲಿದೆ. ಮೊದಲ ಮತ್ತು ಕೊನೆಯ ಹಾಳೆ ಕಂದು, ನಡುವೆಲ್ಲ ಆ ನುಣುಪು ಬಿಳಿ. ಜಗುಲಿಗೇ ಹೋಗಿ ಕೈಗಿಟ್ಟು, ಅವರು ಬಿಡಿಸುವವರೆಗೂ ನಿಂತೆ. ಎರಡನೇ ಹಾಳೆಯ ಮೇಲೆ ಅವರ ಹೆಬ್ಬೆರಳು ಓಡಿತು, ನಿಂತಿತು. ತಲೆಯೆತ್ತಿ ನನ್ನನ್ನು ನೋಡಿದರು. "ಹೊಲಿಗೆ ಚೆನ್ನಾಗಿದೆ" ಎಂದರು, ಅಷ್ಟೆ. ಗೆದ್ದೆ ಎಂದುಕೊಂಡು ಬಂದೆ. ಆಮೇಲೆ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ನನ್ನನ್ನು ಕರೆದು ಆ ಪುಸ್ತಕ ಕೊಟ್ಟರು. "ಯಾರಿಗೂ ಮುಟ್ಟ ಬಿಡಲಿಲ್ಲೆ. ಬಂದವರಿಗೆಲ್ಲ ಹೊಲಿಗೆ ತೋರಿಸಿ, 'ನನ್ನ ಹತ್ತಿರ ಕಲಿತವನು ಮಾಡಿದ್ದು' ಎನ್ನುತ್ತಿದ್ದರು."

ನಾನು ಅವರ ಹತ್ತಿರ ಕಲಿತವನಲ್ಲ. ಅಲ್ಲೂ ಸುಳ್ಳು. ಮನೆಗೆ ತಂದು ಬಿಡಿಸಿದೆ. ಎರಡನೇ ಹಾಳೆಯಲ್ಲಿ ಮಾತ್ರ ಗುರುತುಗಳಿದ್ದವು: ಒಣಗಿದ ಇಂಕಿನ ಹನಿಗಳು, ಜಾರಿದ ಪೆನ್ಸಿಲ್, ಬಾಲ್‌ಪೆನ್ನು ಒತ್ತಿದ ಗೀರು. ಬೆಳಕಿಗೆ ಓರೆ ಹಿಡಿದಾಗ ಗೊತ್ತಾಯಿತು, ಅದು ಅವರ ಹೆಸರು. ಬರೆಯಲಾಗದು ಎಂದು ಗೊತ್ತಿದ್ದೂ ಮೂರು ಸಲ ಬರೆದು ನೋಡಿದ್ದರು...

ಮೊಮ್ಮಗಳ ಪೆಟ್ಟಿಗೆ ಇವತ್ತು ಮುಗಿಯಿತು. ಪ್ರತಿ ಹಾಳೆಯನ್ನೂ ಹೆಬ್ಬೆರಳಿನಿಂದ ಉಜ್ಜಿ ನೋಡಿಯೇ ಹೊಲಿದಿದ್ದೇನೆ. ಮೂರು ಪುಸ್ತಕ ಒಳಗಿಟ್ಟಾದ ಮೇಲೆ ನಾಲ್ಕನೆಯದೊಂದು ಕೈಯಲ್ಲಿ ಉಳಿದಿತ್ತು, ಮೊದಲಿಂದ ಕೊನೆಯವರೆಗೂ ಕಂದು ಹಾಳೆಯದೇ. ಇದು ಯಾರಿಗೆ ಎಂದು ಹೆಂಡತಿ ಕೇಳಿದಳು.

"ಹಾಳೆ ಮಿಕ್ಕಿತ್ತು" ಎಂದೆ.

ಮಿಕ್ಕಿರಲಿಲ್ಲ. ಇನ್ನೊಂದು ಚೀಲ ಸೀಳಿದ್ದೆ.